ನಡಾ ಮಹಾದೇವಿಯದು, ಉತ್ತರ ಈರಪ್ಪನದು

ಕೋವಿಡ್ ಕಳೆದು, ಜನ ಮತ್ತೆ ಮುಖ ಮುಚ್ಚಿಕೊಳ್ಳದೆ ಆಸ್ಪತ್ರೆಗೆ ಬರತೊಡಗಿ ಎರಡನೆಯ ವರ್ಷ. ನಾನಾಗ ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ಹಿರಿಯ ಫಿಸಿಯೊಥೆರಪಿಸ್ಟ್ ಆಗಿದ್ದೆ. ಔಷಧಿ ಬರೆಯುವವಳಲ್ಲ, ಆಪರೇಷನ್ ಮಾಡುವವಳೂ ಅಲ್ಲ. ಕೀಲು ಮತ್ತು ಸ್ನಾಯುಗಳ ಚಲನೆ ನೋಡಿ, ವ್ಯಾಯಾಮ ಹೇಳಿಕೊಟ್ಟು, ಮನುಷ್ಯರನ್ನು ಅವರವರ ಕೆಲಸಕ್ಕೆ ವಾಪಸು ಕಳಿಸುವವಳು. ಅರ್ಧ ವಾರ ಜಮಖಂಡಿಯಲ್ಲೇ ಕೂಡುತ್ತಿದ್ದೆ. ಉಳಿದರ್ಧ ಮುಧೋಳ, ಬೀಳಗಿ, ರಬಕವಿ, ಬನಹಟ್ಟಿ ಎಂದು ಸರದಿಯ ಮೇಲೆ ಬಸ್ಸು ಹತ್ತಿ ಹೋಗಿ, ಅಲ್ಲಿನ ನಮ್ಮ ಸಣ್ಣ ಕ್ಲಿನಿಕ್ಕುಗಳಲ್ಲಿ ರೋಗಿಗಳನ್ನು ನೋಡುತ್ತಿದ್ದೆ. ನಿವೃತ್ತಿ ಇನ್ನೂ ದೂರವಿತ್ತು. ನನ್ನ ಸ್ವಂತ ಬೆನ್ನು ಗಟ್ಟಿಯಾಗಿತ್ತು. ಕಿಟಕಿ ಪಕ್ಕದ ಸೀಟು ಸಿಕ್ಕ ದಿನ ಲೋಕದ ಮೇಲೆ ನನಗೆ ಯಾವ ದೂರೂ ಇರುತ್ತಿರಲಿಲ್ಲ.

ಆ ವರ್ಷ ನಮ್ಮಲ್ಲಿ ಹೊಸ ಪದ್ಧತಿಯೊಂದು ಶುರುವಾಯಿತು. ನಮ್ಮ ಕಡೆ ನಡಾ ನೋವು ಎನ್ನುವ ಬೆನ್ನುನೋವು ಮೂರು ತಿಂಗಳು ದಾಟಿದರೆ ಅದಕ್ಕೆ ವೈದ್ಯರು ಕ್ರಾನಿಕ್ ಎನ್ನುತ್ತಾರೆ. ಇಂಥ ನೋವನ್ನು ಅಳೆಯುವುದು ಕಷ್ಟ. ಎಕ್ಸ್-ರೇಯಲ್ಲಿ ಎಲುಬು ಕಾಣುತ್ತದೆ, ಎಂಆರ್‌ಐಯಲ್ಲಿ ಡಿಸ್ಕು ಕಾಣುತ್ತದೆ, ನೋವು ಎರಡರಲ್ಲೂ ಕಾಣುವುದಿಲ್ಲ. ಸ್ಕ್ಯಾನಿನಲ್ಲಿ ಡಿಸ್ಕು ಪೂರ್ತಿ ಸವೆದವರು ಕಬ್ಬಿನ ಹೊರೆ ಹೊತ್ತುಕೊಂಡು ಓಡಾಡುವುದನ್ನು ನೋಡಿದ್ದೇನೆ. ಸ್ಕ್ಯಾನು ಸ್ವಚ್ಛವಾಗಿದ್ದವರು ಚಪ್ಪಲಿ ಹಾಕಿಕೊಳ್ಳಲು ಒದ್ದಾಡುವುದನ್ನೂ ನೋಡಿದ್ದೇನೆ. ಆದ್ದರಿಂದ ನೋವು ಬದುಕಿನ ಯಾವ ಯಾವ ಕೆಲಸ ಕಸಿದುಕೊಂಡಿದೆ ಎಂದು ಕೇಳಿ ಅಂಕ ಹಾಕುವುದು ಒಂದು ದಾರಿ. ಕೂಡಲು ಆಗುತ್ತದೆಯೇ, ನಿಲ್ಲಲು, ನಡೆಯಲು, ಭಾರ ಎತ್ತಲು, ನಿದ್ದೆ ಮಾಡಲು, ನೆಂಟರ ಮನೆಗೆ ಹೋಗಲು ಆಗುತ್ತದೆಯೇ. ಎಲ್ಲವನ್ನೂ ಕೂಡಿಸಿ ನೂರಕ್ಕೆ ಇಷ್ಟು ಎಂದು ಬರೆಯುತ್ತೇವೆ. ಇದಕ್ಕೆ ಡಿಸೆಬಿಲಿಟಿ ಸ್ಕೋರ್ ಎಂದು ಹೆಸರು. ಪರೀಕ್ಷೆಗೆ ಉಲ್ಟಾ: ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಮೊದಲ ದಿನ ಒಮ್ಮೆ, ಆರು ವಾರಕ್ಕೆ ಒಮ್ಮೆ, ಕೊನೆಗೆ ಚಿಕಿತ್ಸೆ ಮುಗಿದಾಗ ಒಮ್ಮೆ ಕೇಳಬೇಕು.

ಪ್ರಶ್ನೆಗಳು ನಮ್ಮ ಕೈಗೆ ಬಂದಾಗ ಬಹಳ ಶಿಷ್ಟ ಕನ್ನಡದಲ್ಲಿದ್ದವು. ‘ಭಾರವಾದ ವಸ್ತುಗಳನ್ನು ಮೇಲೆತ್ತುವ ಸಾಮರ್ಥ್ಯ’ ಎಂದು ಓದಿದರೆ ಬೀಳಗಿಯ ಹೆಣ್ಣುಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. ಅದನ್ನು ‘ತುಂಬಿದ ಕೊಡ ಎತ್ತಾಕ ಆಗ್ತೈತೇನ್ರಿ’ ಎಂದು ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮುಧೋಳದ ಹೆಣ್ಣು, ಈ ಮಾತು ನನ್ನ ಬಾಯಲ್ಲೇ ಇತ್ತು. ಕೆಲಸ ಸಲೀಸಾಗಿಯೇ ನಡೆಯಿತು, ಉತ್ತರಗಳು ಮಾತ್ರ ನಾನು ನೆನೆಸಿದಂತೆ ಬರಲಿಲ್ಲ. ‘ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಎಷ್ಟು ಕೊಡತೀರಿ’ ಎಂದು ಬೀಳಗಿಯಲ್ಲಿ ಒಬ್ಬಾಕೆಯನ್ನು ಕೇಳಿದೆ. ‘ಸಾಲ್ಯಾಗ ಯಾರೂ ಹತ್ತಕ್ಕ ಹತ್ತು ಕೊಡಲಿಲ್ರಿ, ನೀವರ ಕೊಡ್ರಿ’ ಎಂದಳು. ಮುಧೋಳದಲ್ಲಿ ಬೇಟೆನಾಯಿ ಸಾಕುವ ಹಿರಿಯರೊಬ್ಬರಿಗೆ ಎಷ್ಟು ದೂರ ನಡೆಯುತ್ತೀರಿ ಎಂದರೆ, ‘ನಾನು ನಾಯಿನ್ನ ಕರಕೊಂಡು ಹೋದ್ರ ಸ್ವಲ್ಪ ದೂರ, ನಾಯಿ ನನ್ನ ಕರಕೊಂಡು ಹೋದ್ರ ಭಾಳ ದೂರ, ಯಾವುದು ಬರಕೋತೀರಿ’ ಎಂದು ಗಂಭೀರವಾಗಿ ಕೇಳಿದರು. ಆ ದಿನಗಳಲ್ಲಿ ನಾನು ನಗುನಗುತ್ತಲೇ ಮನೆಗೆ ಬರುತ್ತಿದ್ದೆ.

ಆ ನಗುವಿನ ನಡುವೆಯೇ ಬನಹಟ್ಟಿಯ ಕ್ಲಿನಿಕ್ಕಿಗೆ ಒಂದು ಜೋಡಿ ಬಂತು. ಅವರ ಹೆಸರು ಬದಲಿಸಿದ್ದೇನೆ, ಮಹಾದೇವಿ ಮತ್ತು ಈರಪ್ಪ ಎಂದಿಟ್ಟುಕೊಳ್ಳಿ. ಮಹಾದೇವಿಗೆ ನಲವತ್ತೈದರ ಆಸುಪಾಸು, ಗಂಡನಿಗೆ ಐವತ್ತು. ಮನೆಗೆ ಹೊಂದಿದ ಶೆಡ್ಡಿನಲ್ಲಿ ಅವರದೇ ನಾಲ್ಕು ಪವರ್‌ಲೂಮ್ ಇದ್ದವು. ಈರಪ್ಪ ಮಗ್ಗ ನೋಡಿಕೊಳ್ಳುತ್ತಿದ್ದ, ಮಹಾದೇವಿ ಕಂಡಿಕಿ ಸುತ್ತುತ್ತಿದ್ದಳು. ಕಂಡಿಕಿ ಎಂದರೆ ಮಗ್ಗದ ಲಾಳಿಯೊಳಗೆ ಕೂಡಿಸುವ ನೂಲಿನ ಸಣ್ಣ ಉರುಳೆ. ಒಬ್ಬಳೇ ಮಗಳು ಕವಿತಾ ಮುಧೋಳಕ್ಕೆ ಮದುವೆಯಾಗಿ ಹೋಗಿದ್ದಳು.

ಈರಪ್ಪನ ಬಗ್ಗೆ ಮೊದಲು ಗೊತ್ತಾದದ್ದು ಅವನ ದನಿ. ಜೀವಮಾನವೆಲ್ಲ ಮಗ್ಗದ ಸದ್ದಿನ ಮೇಲೆ ಮಾತಾಡಿದವನು ಸದ್ದಿಲ್ಲದ ಕಡೆಯೂ ಹಾಗೆಯೇ ಮಾತಾಡುತ್ತಿದ್ದ. ಅವನು ಬಾಗಿಲಲ್ಲಿ ನಿಂತು ‘ನಮಸ್ಕಾರ್ರೀ’ ಎಂದರೆ ಹೊರಗೆ ಆಟೋದವನು ತಿರುಗಿ ನೋಡುತ್ತಿದ್ದ. ಎರಡನೆಯದು, ಅವನು ಹೆಂಡತಿಯನ್ನು ಹಿಡಿದುಕೊಂಡು ಬಂದ ರೀತಿ. ಎಡಗೈ ಅವಳ ಮೊಣಕೈ ಕೆಳಗೆ, ಬಲಗೈ ಬೆನ್ನ ಹಿಂದೆ. ತುಂಬಿದ ತಾಟನ್ನು ಚೆಲ್ಲದಂತೆ ತರುವ ಹಾಗೆ.

ನಾನು ಪ್ರಶ್ನೆ ಶುರು ಮಾಡಿದೆ.

‘ಮಹಾದೇವಿಯವರ, ಕೊಡ ಎತ್ತತೀರೇನ್ರಿ?’

‘ಇಲ್ರಿ,’ ಎಂದ ಈರಪ್ಪ.

‘ನೆಲದ ಮೇಲೆ ಕೂತು ಏಳಾಕ ಆಗ್ತೈತಿ?’

‘ಆಗಂಗಿಲ್ರಿ. ನಾನು ಕೂಡಾಕ ಬಿಟ್ಟಿಲ್ಲ.’

‘ಅಡಗಿ?’

‘ನಾನ ಮಾಡತೇನ್ರಿ.’

‘ಅವರ ಹೇಳಲ್ರಿ,’ ಎಂದೆ.

‘ಆಕಿಗೆ ಹೇಳಾಕ ಬ್ಯಾನಿ ಆಗ್ತೈತ್ರಿ,’ ಎಂದ. ಮಹಾದೇವಿ ತಲೆ ತಗ್ಗಿಸಿ ನಕ್ಕಳು. ಆ ನಗುವನ್ನು ನಾನು ಆವತ್ತು ನಾಚಿಕೆ ಎಂದುಕೊಂಡೆ.

ಕೂಡಿಸಿದರೆ ನೂರಕ್ಕೆ ಐವತ್ತೆಂಟು ಬಂತು. ಇದು ತೀವ್ರ ತೊಂದರೆಯ ಅಂಕ. ಪರೀಕ್ಷೆ ಮಾಡಿ ನೋಡಿದೆ. ನೋವು ನಿಜವಾಗಿತ್ತು, ಅದರಲ್ಲಿ ಅನುಮಾನ ಇರಲಿಲ್ಲ. ಒಂದು ಕಡೆ ಒತ್ತಿದಾಗ ಮುಖ ಕಿವುಚುತ್ತಿದ್ದಳು, ಬೆನ್ನಿನ ಸ್ನಾಯುಗಳು ಹಲಗೆಯಂತೆ ಬಿಗಿದಿದ್ದವು. ಆದರೆ ಕಾಲಲ್ಲಿ ಶಕ್ತಿ ಇತ್ತು, ಸ್ಪರ್ಶ ಸರಿಯಾಗಿತ್ತು. ಜ್ವರ, ತೂಕ ಇಳಿಯುವುದು, ಮೂತ್ರದ ಹತೋಟಿ ತಪ್ಪುವುದು ಮುಂತಾದ ಅಪಾಯದ ಚಿಹ್ನೆಗಳು ಒಂದೂ ಇರಲಿಲ್ಲ. ಏಳೆಂಟು ತಿಂಗಳು ಅಲುಗಾಡದೆ ಇದ್ದುದರಿಂದ ಬೆನ್ನು ಸೋತಿತ್ತು, ಬಗ್ಗುವ ಧೈರ್ಯ ಹೋಗಿತ್ತು. ದಿನಾ ಎರಡು ಹೊತ್ತು ಮಾಡುವಂಥ ಸಣ್ಣ ವ್ಯಾಯಾಮ ಹೇಳಿಕೊಟ್ಟೆ, ಸಂಜೆ ನಡೆಯಲು ಹೇಳಿದೆ. ‘ನಾ ಕರಕೊಂಡು ಹೋಗತೇನ್ರಿ’ ಎಂದ ಈರಪ್ಪ. ಮಾತು ತಪ್ಪುವವನಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

ತಪ್ಪಲೂ ಇಲ್ಲ. ಸರದಿಯ ದಿನ ನಾನು ಬರುವ ಮೊದಲೇ ಇಬ್ಬರೂ ಬೆಂಚಿನ ಮೇಲೆ ಹಾಜರಿರುತ್ತಿದ್ದರು. ವಾರದಿಂದ ವಾರಕ್ಕೆ ಮಹಾದೇವಿಯ ಬೆನ್ನು ಸಡಿಲವಾಗುತ್ತ ಬಂತು. ಆರು ವಾರಕ್ಕೆ ಅವಳು ಮೊಣಕಾಲು ಮಡಿಸಿ ಕೂತು, ಕೈ ಊರದೆ ಎದ್ದಳು. ಬಿದ್ದ ಸೆರಗಿನ ಪಿನ್ನನ್ನು ಬಗ್ಗಿ ಎತ್ತಿಕೊಂಡಳು, ತಾನು ಬಗ್ಗಿದ್ದು ತನಗೇ ಗೊತ್ತಾಗದ ಹಾಗೆ. ನನಗೆ ಖುಷಿಯಾಯಿತು. ಪ್ರಶ್ನೆಗಳನ್ನು ಮತ್ತೆ ಕೇಳಲು ಕೂತೆ. ಕೊಡ? ಇಲ್ರಿ. ಅಡಗಿ? ನಾನ. ನೆಂಟರ ಮನೆ? ಕಳಸಿಲ್ರಿ. ಕೂಡಿಸಿದರೆ ಐವತ್ತಾರು.

ಅಂಕ ಇಳಿದಿಲ್ಲವೆಂದರೆ ಚಿಕಿತ್ಸೆ ಫಲ ಕೊಟ್ಟಿಲ್ಲ ಎಂದೇ ಅರ್ಥ. ಆದರೆ ನನ್ನ ಕಣ್ಣ ಮುಂದೆ ಕೂತವಳ ಬೆನ್ನು ಬೇರೆಯದನ್ನೇ ಹೇಳುತ್ತಿತ್ತು. ಈರಪ್ಪನಿಗೆ ‘ಎದುರಿಗೆ ಚಾ ಛಲೋ ಸಿಗತೈತಿ, ಕುಡಕೊಂಡು ಬರ್ರಿ’ ಎಂದೆ. ಅವನು ಎದ್ದ, ಹೆಂಡತಿಯ ಬೆನ್ನಿಗೆ ದಿಂಬು ಸರಿ ಮಾಡಿಟ್ಟು ಹೋದ.

ಈ ಸಲ ನಾನು ಪ್ರತಿ ಪ್ರಶ್ನೆಯನ್ನೂ ಎರಡು ಮಾಡಿ ಕೇಳಿದೆ. ಆಗುತ್ತದೆಯೇ, ಮಾಡುತ್ತೀರಾ.

‘ಕೊಡ ಎತ್ತಾಕ ಆಗ್ತೈತೇನ್ರಿ?’

ಅವಳು ಬಾಗಿಲ ಕಡೆ ನೋಡಿದಳು. ‘ಆಗ್ತೈತ್ರಿ. ಸಣ್ಣ ಕೊಡ.’

‘ಎತ್ತತೀರಿ?’

‘ಇಲ್ರಿ.’

‘ರೊಟ್ಟಿ ಬಡ್ಯಾಕ ಆಗ್ತೈತಿ?’

‘ನಾಕೈದು ಆಗ್ತಾವ್ರಿ.’

‘ಬಡೀತೀರಿ?’

‘ಇಲ್ರಿ. ಅವರು ಬಡೀತಾರ.’ ಮತ್ತೆ ಬಾಗಿಲ ಕಡೆ ನೋಡಿ ಹೇಳಿದಳು, ‘ಬಾಯಾರ, ಅವರಿಗೆ ಹೇಳಬ್ಯಾಡ್ರಿ.’

ಯಾಕೆ ಎಂದು ಕೇಳಿದೆ. ಅವಳು ಬೆನ್ನ ಹಿಂದಿನ ದಿಂಬನ್ನು ತೊಡೆಯ ಮೇಲೆ ಇಟ್ಟುಕೊಂಡಳು. ‘ಮದವಿಯಾಗಿ ಇಪ್ಪತ್ತು ವರ್ಷದ ಮ್ಯಾಲಾತ್ರಿ. ಮುಂಜಾನೆ ಎದ್ದರ ಮಗ್ಗ, ರಾತ್ರಿತನಕ ಮಗ್ಗ. ಆ ಗದ್ದಲದಾಗ ಏನ ಮಾತಾಡೂದ್ರಿ? ಉಣ್ಣಾಕ ಬಾ ಅಂತ ಕೈಲೆ ತೋರಸೂದು, ಅವರು ಬಂದು ಉಂಡು ಎದ್ದು ಹೋಗೂದು. ಕೆಟ್ಟವರಲ್ರಿ, ಒಂದು ದಿನ ಬೈದವರಲ್ಲ. ಆದ್ರ ಮಾತಿಲ್ಲ. ಈಗ ನೋಡ್ರಿ, ಸಂಜಿ ಆತಂದ್ರ ಮಗ್ಗ ಬಂದ್ ಮಾಡತಾರ. ಹಿಟ್ಟು ನಾದಕೋತ ನೀರು ಎಷ್ಟು ಹಾಕಲಿ ಅಂತಾರ. ನಾ ಹೇಳತೇನಿ. ಅವರು ಹೆಚ್ಚು ಹಾಕತಾರ. ಇಬ್ಬರೂ ನಗತೇವಿ. ಆಮ್ಯಾಲ ತಿರಗಾಡಾಕ ಹೋಗತೇವಿ. ಬ್ಯಾನಿ ಐತ್ರಿ, ಖರೇನ ಐತಿ. ಆದ್ರ ಈ ಬ್ಯಾನಿ ಬಂದಮ್ಯಾಲ ಮನ್ಯಾಗ ಒಂದು ಮನಿಷಾ ಬಂದಂಗ ಆಗೇತ್ರಿ.’

ಅಷ್ಟರಲ್ಲಿ ಈರಪ್ಪ ಚಾ ಕುಡಿದು ಬಂದ. ಹೆಂಡತಿಗೂ ಒಂದು ಲೋಟ ಹಿಡಿದುಕೊಂಡು ಬಂದಿದ್ದ.

ನಾನು ಎರಡು ಅಂಕ ಬರೆದೆ. ಮಾಡುವುದರ ಲೆಕ್ಕದಲ್ಲಿ ಐವತ್ತಾರು, ಆಗುವುದರ ಲೆಕ್ಕದಲ್ಲಿ ಮೂವತ್ತು. ಜಮಖಂಡಿಯಲ್ಲಿ ನಮ್ಮ ಎಲುಬಿನ ಡಾಕ್ಟರು ಅದನ್ನು ನೋಡಿ, ‘ಇವೆರಡರಲ್ಲಿ ಯಾವುದು ಸರಿ ಮೇಡಂ?’ ಎಂದರು. ‘ಎರಡೂ ಸರ್,’ ಎಂದೆ. ಅವರು ಒಳ್ಳೆಯವರು. ಹುಬ್ಬು ಏರಿಸಿ ಹಾಳೆ ವಾಪಸು ಕೊಟ್ಟರು. ನನ್ನ ತೊಡಕು ಬೇರೆಯಿತ್ತು. ರೋಗಿ ಗುಟ್ಟಾಗಿ ಹೇಳಿದ್ದನ್ನು ಗಂಡನಿಗೂ ಹೇಳುವಂತಿಲ್ಲ. ಹೇಳದೆ ಬಿಟ್ಟರೆ ಅವಳ ಬೆನ್ನು ಮತ್ತೆ ಸೋಲುತ್ತದೆ. ಬಳಸದ ಸ್ನಾಯು ಯಾರ ಪ್ರೀತಿಗೂ ಕಾಯುವುದಿಲ್ಲ.

ಮುಂದಿನ ಸರದಿಗೆ ಮಹಾದೇವಿಗೆ ಹೇಳಿದೆ, ‘ನಾನಂತೂ ಹೇಳಂಗಿಲ್ಲ. ಆದ್ರ ನೀವು ಒಂದಿನ ಹೇಳಬೇಕಾಗ್ತೈತ್ರಿ.’ ಅವಳು ‘ನೋಡೂಣ್ರಿ’ ಎಂದಳು. ಮನೆಯಲ್ಲಿ ಅವಳು ಹೇಗೆ ಕೂಡುತ್ತಾಳೆ, ಏಳುತ್ತಾಳೆ ಎಂದು ನೋಡುವುದೂ ನಮ್ಮ ಕೆಲಸದ ಭಾಗವೇ. ಒಂದು ಮಧ್ಯಾಹ್ನ ಕ್ಲಿನಿಕ್ ಮುಗಿಸಿ ಅವರ ಮನೆಗೆ ಹೋದೆ.

ಆ ಓಣಿಯಲ್ಲಿ ಮನೆ ಹುಡುಕುವುದು ಸುಲಭವಿರಲಿಲ್ಲ. ಎರಡೂ ಕಡೆ ಮಗ್ಗದ ಸದ್ದು. ಯಾರನ್ನಾದರೂ ದಾರಿ ಕೇಳಿದರೆ ತುಟಿ ಅಲುಗುವುದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಕೊನೆಗೆ ಈರಪ್ಪನ ದನಿ ಆ ಸದ್ದನ್ನು ದಾಟಿ ಬಂತು, ‘ಬಾಯಾರ, ಈ ಕಡೆ.’ ನನ್ನನ್ನು ಕೂಡಿಸಿ, ಶೆಡ್ಡಿಗೆ ಹೋಗಿ ನಾಲ್ಕೂ ಮಗ್ಗ ನಿಲ್ಲಿಸಿ ಬಂದ. ಆಮೇಲೆ ಅಡುಗೆಮನೆಗೆ ಕರೆದೊಯ್ದು ತನ್ನ ಕೈಕೆಲಸ ತೋರಿಸಿದ. ಶೇಂಗಾ ಚಟ್ನಿ ನಿಜಕ್ಕೂ ರುಚಿಯಾಗಿತ್ತು. ರೊಟ್ಟಿಗಳು ಮಾತ್ರ ಯಾವುದೂ ದುಂಡಗಿರಲಿಲ್ಲ, ಒಂದೊಂದು ಒಂದೊಂದು ತಾಲೂಕಿನ ನಕಾಶೆಯ ಹಾಗಿದ್ದವು. ‘ರುಚಿ ನೋಡ್ರಿ, ಆಕಾರ ನೋಡಬ್ಯಾಡ್ರಿ’ ಎಂದ.

ಮಹಾದೇವಿ ಹೊರಗೆ ಪಡಸಾಲೆಯ ಹಗ್ಗದ ಮಂಚದ ಮೇಲೆ ಕೂತಿದ್ದಳು. ಅಡುಗೆಮನೆಯಲ್ಲಿ ಅವನು ದನಿ ಇಳಿಸಿದ. ಅವನಿಗೂ ಮೆಲ್ಲಗೆ ಮಾತಾಡಲು ಬರುತ್ತದೆಂದು ಅಂದೇ ನನಗೆ ಗೊತ್ತಾದದ್ದು.

‘ಆ ದಿನ ನೂಲಿನ ಬುಟ್ಟಿ ಎತ್ತಾಕ ಹೋಗಿ ಬಿದ್ದಳ್ರಿ. ಈ ಬಾಗಲದಾಗ. ಏಳಾಕ ಬರಲಿಲ್ಲ. ನನ್ನ ಕರದಾಳ, ಭಾಳ ಹೊತ್ತು ಕರದಾಳ. ನಾ ಅಲ್ಲೇ ನಿಂತೇನ್ರಿ, ಇಷ್ಟ ದೂರ. ಮಗ್ಗ ನಡದಿತ್ತು, ಕೇಳಲಿಲ್ಲ. ಚಾ ಕುಡ್ಯಾಕ ಬಂದಾಗ ನೋಡಿದ್ನಿ. ಕಣ್ಣಾಗ ನೀರು, ಬಾಯಾಗ ದನಿ ಇಲ್ಲ.’ ಚಟ್ನಿ ಬಡಿಸಿದ ಕೈಯನ್ನು ಒರೆಸಿಕೊಂಡ. ‘ಅವತ್ತ ನಿಶ್ಚೆ ಮಾಡಿದ್ನಿ. ಇಕಿ ಇನ್ನ ಏನೂ ಎತ್ತಬಾರದು. ಮತ್ತ ಬಿದ್ದರ ನನಗ ಕೇಳಸಬೇಕಲ್ರಿ.’

ಹೆಂಡತಿಗೆ ಇದನ್ನು ಹೇಳಿದ್ದೀರಾ ಎಂದೆ. ‘ಹೇಳೂದೇನೈತ್ರಿ ಅದರಾಗ’ ಎಂದ. ಒಂದೇ ಸೂರಿನ ಕೆಳಗೆ ಇಬ್ಬರು, ಒಬ್ಬರ ಮನಸ್ಸಿನಲ್ಲಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ, ನನಗೆ ಮಾತ್ರ ಎರಡೂ ಗೊತ್ತು. ಇಂಥ ಜಾಗದಲ್ಲಿ ಕೂಡುವುದನ್ನು ಯಾವ ಕಾಲೇಜಿನಲ್ಲೂ ನನಗೆ ಕಲಿಸಿರಲಿಲ್ಲ.

ಆಗಲೇ ಮುಧೋಳದಿಂದ ಬೀಗತಿ ಬಂದಳು. ಮಗಳು ಕವಿತಾಳ ಅತ್ತೆ, ಸುಶೀಲಾ ಎನ್ನೋಣ. ಕವಿತಾ ಮೊದಲ ಬಸುರಿ, ಕುಬಸದ, ಅಂದರೆ ಸೀಮಂತದ, ಕಾರ್ಯ ಆಗಲೇ ಮುಗಿದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗುವುದು ನಮ್ಮ ಕಡೆಯ ಪದ್ಧತಿ. ಸೊಸೆಯನ್ನು ಯಾವತ್ತು ಕಳಿಸಬೇಕೆಂದು ಕೇಳಲು ಬಂದಿದ್ದಳು. ಎಲ್ಲರೂ ಪಡಸಾಲೆಯಲ್ಲಿ ಕೂತೆವು.

‘ಇಲ್ಲಿ ಬ್ಯಾಡ್ರಿ,’ ಎಂದ ಈರಪ್ಪ, ಅವಳು ಕೇಳಿ ಮುಗಿಸುವ ಮೊದಲೇ. ‘ಇಕಿ ಕೈಲೆ ಆಗಂಗಿಲ್ಲ. ಬಾಣಂತನ ಅಂದ್ರ ಎಣ್ಣಿ ಹಚ್ಚೂದು, ನೀರು ಕಾಸೂದು, ಕೂಸಿಗೆ ಎರಿಯೂದು, ಸಣ್ಣ ಕೆಲಸ ಏನ್ರಿ? ಈ ಸಲ ನೀವ ಮುಧೋಳದಾಗ ಮಾಡ್ರಿ. ನಾ ಬಂದು ಹೋಗತೇನಿ.’

ಸುಶೀಲಾ ಗಾಬರಿಯಿಂದ ಮಹಾದೇವಿಯ ಮುಖ ನೋಡಿದಳು. ‘ಅಷ್ಟ ಆಗೇತೇನ್ರಿ ಬೀಗತಿ?’

‘ಡಾಕ್ಟರಬಾಯಾರ ಇಲ್ಲೇ ಅದಾರ, ಕೇಳ್ರಿ ಬೇಕಾದ್ರ,’ ಎಂದ ಈರಪ್ಪ. ‘ನೂರಕ್ಕ ಐವತ್ತೆಂಟು. ಹೌದಲ್ರಿ?’

ಅವನೂ ಬೀಗತಿಯೂ ನನ್ನ ಕಡೆ ತಿರುಗಿದರು. ನಾನೇ ಬರೆದ ಅಂಕ ಒಬ್ಬ ತಾಯಿಯ ಕೈಯಿಂದ ಮಗಳ ಬಾಣಂತನ ಕಸಿದುಕೊಳ್ಳುವುದನ್ನು ನೋಡುತ್ತ ಕೂತಿದ್ದೆ. ಮಹಾದೇವಿ ನನ್ನನ್ನು ನೋಡಲಿಲ್ಲ, ಸೆರಗಿನ ಅಂಚನ್ನು ನೋಡುತ್ತಿದ್ದಳು.

‘ಅದು ಮೊದಲನೇ ದಿನದ್ದು, ನೀವು ಹೇಳಿ ಬರಿಸಿದ ಲೆಕ್ಕರಿ,’ ಎಂದೆ. ‘ನಡಾ ಅವರದೈತಿ. ಆಗ್ತೈತೋ ಇಲ್ಲೋ ಅವರ ಹೇಳಬೇಕು.’

ಮಹಾದೇವಿ ಮಂಚದಿಂದ ಎದ್ದಳು. ಈರಪ್ಪನ ಕೈ ತಾನಾಗಿಯೇ ಅವಳ ಮೊಣಕೈಗೆ ಹೋಯಿತು. ಅವಳು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದಳು. ಹಂಚು ಒಲೆಗೆ ತಾಗಿದ ಸದ್ದು ಬಂತು, ನೀರು ಸುರಿದ ಸದ್ದು ಬಂತು. ಆಮೇಲೆ ಟಪ, ಟಪ, ಟಪ, ಒಂದೇ ಸಮನೆ. ಆ ಸದ್ದು ಕೇಳಿ ಬೆಳೆದವರಿಗೆ ಗೊತ್ತು, ಕಲಿಯುವವರ ಕೈಯಿಂದ ಅದು ಬರುವುದಿಲ್ಲ.

ಈರಪ್ಪ ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವಳಿಗೆ ತಡೆಯಲಾರದ ನೋವು ಬಂದರೆ ಎಂದು ನಾನೂ ಹಿಂದೆಯೇ ಹೋದೆ. ಮಹಾದೇವಿ ನೆಲದ ಮೇಲೆ ಕೂತು ಬಗ್ಗಿ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಆಗಲೇ ಎರಡು ಬೆಂದು ಕೂತಿದ್ದವು, ದುಂಡಗೆ, ತೆಳ್ಳಗೆ.

‘ಯಾವಾಗಿಂದ?’ ಎಂದ ಈರಪ್ಪ.

‘ತಿಂಗಳ ಮ್ಯಾಲಾತು.’

‘ಮತ್ತ ನಾ ಮಾಡಿದ ರೊಟ್ಟಿ ಯಾಕ ತಿಂದಿ?’

ಅವಳು ಕೈ ನಿಲ್ಲಿಸಲಿಲ್ಲ. ‘ನೀವು ರೊಟ್ಟಿ ಮಾಡುವಾಗ ಕೂತು ಮಾತಾಡತಿದ್ರಿ. ಅದಕ್ಕ.’

‘ಮಾತಾಡ್ರಿ ಅಂತ ಹೇಳಿದ್ರ ಮಾತಾಡತಿದ್ನಲ್ಲ. ಅದಕ್ಕ ಇಷ್ಟೆಲ್ಲ ಯಾಕ ಬೇಕಿತ್ತು?’

‘ಆ ಗದ್ದಲದಾಗ ಹೆಂಗ ಕೇಳಸಬೇಕ್ರಿ ನಿಮಗ?’

ಅವಳು ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆದರೆ ಈರಪ್ಪನ ಮುಖ ಬದಲಾಯಿತು. ಅವನು ಬಾಗಿಲಿನ ನೆಲವನ್ನು ನೋಡಿದ, ಅವಳು ಬಿದ್ದಿದ್ದ ಜಾಗವನ್ನು. ಆಮೇಲೆ ಒಳಗೆ ಹೋಗಿ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತ. ‘ಅವತ್ತ ನೀ ಕರದದ್ದು ನನಗ ಕೇಳಲಿಲ್ಲ,’ ಎಂದ. ‘ದಿನಾ ಅದ ನೆನಪಾಗ್ತೈತಿ.’

ಮಹಾದೇವಿಯ ಕೈ ಆಗ ನಿಂತಿತು. ಗಂಡನನ್ನು ನೋಡಿದಳು. ಅವಳಿಗೆ ಇದು ಹೊಸ ಸುದ್ದಿ. ತನ್ನ ಬೆನ್ನಿಗಾಗಿ ಅವನು ಮಾಡಿದ್ದೆಲ್ಲ ಅಲ್ಲಿಂದ ಬಂದದ್ದೆಂದು ಅವಳಿಗೆ ತಿಳಿದಿರಲಿಲ್ಲ. ‘ಹೋಗ್ಲಿ ಬಿಡ್ರಿ,’ ಎಂದಳು, ಬಹಳ ಮೆಲ್ಲಗೆ. ‘ಹಂಚಿನ ಮ್ಯಾಲಿಂದು ಹೊತ್ತಾಕತ್ತೈತಿ, ತಿರವ್ರಿ.’ ಅವನು ತಿರುವಿದ, ಬೆರಳು ಸುಟ್ಟುಕೊಂಡ. ಇಬ್ಬರೂ ನಕ್ಕರು. ನಾನು ಪಡಸಾಲೆಗೆ ವಾಪಸು ಬಂದೆ.

ಒಳಗಿನಿಂದ ಮಹಾದೇವಿಯ ದನಿ ಬಂತು, ಬೀಗತಿಗೆ ಕೇಳುವಷ್ಟು ಗಟ್ಟಿಯಾಗಿ. ‘ಸುಶೀಲಾಬಾಯಿ, ಬಾಣಂತನ ಇಲ್ಲೇ ಮಾಡೂದು. ಹುಡಿಗಿನ್ನ ಒಳ್ಳೆ ದಿನ ನೋಡಿ ಕಳಸ್ರಿ.’ ಸುಶೀಲಾ ಬಿಸಿ ರೊಟ್ಟಿಗೆ ಚಟ್ನಿ ಹಚ್ಚಿಕೊಳ್ಳುತ್ತ, ‘ನಾ ಏನ ಬ್ಯಾಡ ಅಂದಿಲ್ಲಲ್ರಿ’ ಎಂದಳು.

ಇಲ್ಲಿಗೇ ಮುಗಿದಿದ್ದರೆ ಕಥೆ ಬಹಳ ಸೊಗಸಾಗಿರುತ್ತಿತ್ತು. ಆದರೆ ಬೆನ್ನಿಗೆ ಕಥೆ ಗೊತ್ತಿಲ್ಲ. ನಾಲ್ಕೈದು ರೊಟ್ಟಿಯ ಶಕ್ತಿ ಇದ್ದವಳು ಆವತ್ತು ಹುರುಪಿನಲ್ಲಿ ಬುಟ್ಟಿ ತುಂಬ ಬಡಿದಿದ್ದಳು. ಮರುದಿನ ಬೆಳಿಗ್ಗೆ ಫೋನು ಬಂತು. ಕಿವಿಯಿಂದ ದೂರ ಹಿಡಿದೇ ಕೇಳಿದೆ. ‘ಬಾಯಾರ, ಆಕಿಗೆ ಭಾಳ—’ ಎಂದು ಶುರು ಮಾಡಿದ ಈರಪ್ಪ ನಡುವೆ ನಿಂತ. ‘ತಡೀರಿ, ಆಕಿ ಕೈಯಾಗ ಕೊಡತೇನಿ’ ಎಂದ. ಅವರ ಮನೆಯಲ್ಲಿ ಏನೋ ತಿದ್ದುಪಡಿ ಆಗಿದೆ ಎಂದು ನನಗೆ ಮೊದಲು ಗೊತ್ತಾದದ್ದು ಆ ಒಂದು ಮಾತಿನಿಂದ.

ಇಂಥ ಉಲ್ಬಣ ಬಂದರೆ ಹೆದರಬೇಕಿಲ್ಲ ಎಂದು ಹೇಳಿದೆ. ಎರಡು ದಿನ ಕಡಿಮೆ ಮಾಡಿ ಮತ್ತೆ ಮೆಲ್ಲಗೆ ಏರಿಸುವುದು. ನಮ್ಮ ಭಾಷೆಯಲ್ಲಿ ಇದಕ್ಕೆ ಗ್ರೇಡೆಡ್ ಆಕ್ಟಿವಿಟಿ ಎನ್ನುತ್ತಾರೆ. ಅಲ್ಲಿಂದ ಮುಂದೆ ಚಿಕಿತ್ಸೆಗೆ ಒಂದು ಗುರಿ ಸಿಕ್ಕಿತು, ಕೂಸಿಗೆ ಎರೆಯುವುದು. ನೋಡಲು ಸರಳ, ಆದರೆ ಬೆನ್ನಿಗೆ ಕಠಿಣ ಕೆಲಸ. ನೆಲದ ಮೇಲೆ ಎರಡೂ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ, ಬಗ್ಗಿ ಎಣ್ಣೆ ತಿಕ್ಕಿ, ಒಂದು ಕೈಯಲ್ಲಿ ತಿರುವಿ ಇನ್ನೊಂದು ಕೈಯಲ್ಲಿ ನೀರು ಹಾಕಬೇಕು. ಯಾವ ಪ್ರಶ್ನಾವಳಿಯಲ್ಲೂ ಈ ಕೆಲಸ ಇರಲಿಲ್ಲ.

ಕ್ಲಿನಿಕ್ಕಿನಲ್ಲೇ ತಾಲೀಮು ನಡೆಸಿದೆವು. ಜೋಳದ ಸಣ್ಣ ಚೀಲಕ್ಕೆ ಹಳೆಯ ಕೌದಿ ಸುತ್ತಿ ಕೂಸು ಮಾಡಿದೆವು. ಮಹಾದೇವಿ ಕಾಲು ನೀಡಿ ಕೂತು ಅದಕ್ಕೆ ಎಣ್ಣೆ ಹಚ್ಚುವಂತೆ ಮಾಡುತ್ತಿದ್ದಳು. ಬೆನ್ನಿಗೆ ಗೋಡೆ ಆಧಾರ ಕೊಟ್ಟರೆ ಹೇಗೆ, ಮಣೆ ಎತ್ತರ ಮಾಡಿದರೆ ಹೇಗೆ ಎಂದು ನೋಡಿದೆವು. ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಹೆಂಗಸರು ಸುಮ್ಮನಿರಲಿಲ್ಲ. ‘ಮೂಗು ತೀಡ್ರಿ’ ಎಂದು ಒಬ್ಬಳು, ‘ನೆತ್ತಿಗೆ ಎಣ್ಣಿ ಸಾಲಲಿಲ್ಲ’ ಎಂದು ಇನ್ನೊಬ್ಬಳು. ತೇರದಾಳದಿಂದ ಮೊಣಕಾಲು ನೋವಿಗೆ ಬರುತ್ತಿದ್ದ ಅಜ್ಜಿಯೊಬ್ಬಳು ಜೋಳದ ಚೀಲಕ್ಕೆ ದೃಷ್ಟಿ ತೆಗೆದಳು. ನೀರು ಹೊರುವುದು, ಕಾಸುವುದು ಈರಪ್ಪನ ಪಾಲಿಗೆ ಬಂತು. ತಂಬಿಗೆಯಲ್ಲಿ ನೀರು ಎತ್ತಿ ಕೊಡುವುದನ್ನು ಅವನೂ ತಾಲೀಮು ಮಾಡಿದ. ಮಗ್ಗದವನ ಕೈ, ತಾಳ ತಪ್ಪಲಿಲ್ಲ.

ಕವಿತಾ ತವರಿಗೆ ಬಂದಳು. ಹೆಣ್ಣುಕೂಸು ಹುಟ್ಟಿತು, ತಾಯಿ ಮಗು ಇಬ್ಬರೂ ಆರಾಮಾಗಿದ್ದರು. ಬಾಣಂತಿಗೆ ಕೆಂಡದ ಕಾವು ಕೊಡುವುದರಿಂದ ಹಿಡಿದು ಕೂಸಿನ ಎಣ್ಣೆ-ನೀರಿನವರೆಗೆ ಎಲ್ಲವೂ ಬನಹಟ್ಟಿಯ ಆ ಮನೆಯಲ್ಲೇ ನಡೆಯಿತು. ಸಂಜೆ ಮಗ್ಗ ನಿಲ್ಲಿಸುವುದನ್ನು ಈರಪ್ಪ ಬಿಡಲಿಲ್ಲ. ಓಣಿಯವರು ಅದಕ್ಕೆ ಚೇಷ್ಟೆ ಮಾಡಿದರಂತೆ. ‘ಕೂಸು ಮಲಗಬೇಕಲ್ಲ’ ಎಂದು ಅವನು ಉತ್ತರ ಕೊಟ್ಟನಂತೆ. ಕೂಸು ಮಲಗುವುದು ಮಧ್ಯಾಹ್ನವೇ ಹೆಚ್ಚು, ಆಗ ನಾಲ್ಕೂ ಮಗ್ಗ ಭರ್ತಿ ನಡೆಯುತ್ತಿರುತ್ತವೆ ಎಂದು ಮಹಾದೇವಿ ನನಗೆ ಹೇಳಿ ನಕ್ಕಳು.

ಕೊನೆಯ ಅಳತೆಗೆ ಅವಳು ಒಬ್ಬಳೇ ಬಂದಳು, ಆಟೋ ಹತ್ತಿ. ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ನೋವು ಪೂರ್ತಿ ಹೋಗಿರಲಿಲ್ಲ. ಹತ್ತಕ್ಕೆ ಆರು ಇದ್ದದ್ದು ನಾಲ್ಕಾಗಿತ್ತು, ಅಷ್ಟೇ. ಆದರೆ ಕೊಡ, ಅಡುಗೆ, ನೆಲದ ಮೇಲೆ ಕೂಡುವುದು, ನೆಂಟರ ಮನೆ, ಎಲ್ಲದಕ್ಕೂ ‘ಮಾಡತೇನ್ರಿ’ ಎಂದಳು. ರೊಟ್ಟಿಗೆ ಮಾತ್ರ ‘ದಿನಾ ಅಲ್ರಿ. ಒಂದಿನ ನಾನು, ಒಂದಿನ ಅವರು’ ಎಂದಳು. ಕೊನೆಗೆ ನಿದ್ದೆಯ ಪ್ರಶ್ನೆ ಉಳಿಯಿತು.

‘ನಿದ್ದಿ ಹೆಂಗೈತ್ರಿ?’

‘ನಿದ್ದೀನ ಇಲ್ರಿ.’

ಬರೆಯುತ್ತಿದ್ದ ಕೈ ತಡೆದೆ. ಬ್ಯಾನಿಯೇ ಎಂದು ಕೇಳಿದೆ.

‘ಬ್ಯಾನಿ ಎಲ್ಲೀದ್ರಿ? ಮೊಮ್ಮಗಳು.’

ಈ ಉತ್ತರಕ್ಕೆ ಯಾವ ಖಾನೆಯಲ್ಲಿ ಗುರುತು ಹಾಕಬೇಕೆಂದು ನಿಯಮಗಳಲ್ಲಿ ಇರಲಿಲ್ಲ. ನಿದ್ದೆಗೆ ಪೂರ್ತಿ ತೊಂದರೆ ಎಂದು ಬರೆದರೆ ಅಂಕ ಏರುತ್ತದೆ, ಬರೆಯದಿದ್ದರೆ ಹೇಳಿದ್ದನ್ನು ಬಿಟ್ಟಂತಾಗುತ್ತದೆ. ನೋವಿನಿಂದ ತೊಂದರೆ ಇಲ್ಲ ಎಂಬಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಮೊಮ್ಮಗಳು ಎಂದು ಬರೆದೆ. ಕೂಡಿಸಿದಾಗ ಹದಿನೆಂಟು ಬಂತು.

ಅದಾದ ಮೇಲೆ ಈ ಪ್ರಶ್ನೆಗಳನ್ನು ನಾನು ನೂರಾರು ಜನರಿಗೆ ಕೇಳಿದ್ದೇನೆ, ಹೊಸದಾಗಿ ಬಂದ ಥೆರಪಿಸ್ಟರಿಗೂ ಕಲಿಸಿದ್ದೇನೆ. ಅಂಕ ಬೇಕು, ಅದಿಲ್ಲದೆ ನಮ್ಮ ಚಿಕಿತ್ಸೆ ಕೆಲಸ ಮಾಡಿದೆಯೋ ಇಲ್ಲವೋ ನಮಗೇ ತಿಳಿಯುವುದಿಲ್ಲ. ಆದರೆ ಬನಹಟ್ಟಿಯ ಆ ಮನೆ ನೋಡಿದ ಮೇಲೆ, ಮಾಡುವುದಿಲ್ಲ ಎಂದು ಯಾರಾದರೂ ಹೇಳಿದರೆ ಅಂಕ ಹಾಕುವ ಮೊದಲು ಕೇಳುತ್ತೇನೆ: ಮತ್ತೆ ಯಾರು ಮಾಡುತ್ತಾರೆ, ಅವರು ಮಾಡುವಾಗ ನೀವು ಎಲ್ಲಿ ಕೂತಿರುತ್ತೀರಿ? ಒಂದು 'ಇಲ್ಲ'ದ ಹಿಂದೆ ನೋವು ಇರಬಹುದು, ಹೆದರಿಕೆ ಇರಬಹುದು, ಪಕ್ಕದಲ್ಲಿ ಕೂತು ಹಿಟ್ಟು ನಾದುವ ಒಬ್ಬ ಮನುಷ್ಯನೂ ಇರಬಹುದು. ಮೊದಲೆರಡನ್ನು ಕಡಿಮೆ ಮಾಡುವುದು ನನ್ನ ಕೆಲಸ. ಹಾಗೆ ಮಾಡುವಾಗ ಮೂರನೆಯದು ಕೈತಪ್ಪಿ ಹೋಗದಂತೆ ನೋಡಿಕೊಳ್ಳುವುದೂ ನನ್ನ ಕೆಲಸವೇ ಎಂದು ನನಗೆ ಕಲಿಸಿದ್ದು ಅವರಿಬ್ಬರು.